ಬೇಡದ ಓಟ, ಬೇಡದ ಹಿಂಸೆ

ಬೇಸಿಗೆಯಲ್ಲಿ ತುಂಗಭದ್ರಾ ಹಿನ್ನೀರು ಸರಿದಂತೆ ಹಂಪಸಾಗರದ ಬಳಿ ವಿಶಾಲ ಬಯಲು ತೆರೆದುಕೊಳ್ಳುತ್ತದೆ. ಬೈಕ್ ಓಡಿಸುವ ಹವ್ಯಾಸವುಳ್ಳ ತರುಣರಿಗೆ ಅದು ಆಹ್ವಾನ. ಆದರೆ ಅಂಥ ಬಯಲಿನಲ್ಲಿಯೇ ಟಿಟ್ಟಿಭ ಹಕ್ಕಿ ಬರಿನೆಲದ ತಗ್ಗಿನಲ್ಲಿ ಮಣ್ಣಿನ ಬಣ್ಣದ ಮೊಟ್ಟೆಗಳನ್ನಿಡುತ್ತದೆ. ವೇಗದಲ್ಲಿರುವವನಿಗೆ ಅವು ಕಾಣಿಸವು. ಹಾಗಾದರೆ ಈ ಹವ್ಯಾಸವನ್ನು ಬಿಡಬೇಕೇ?

ಗೃಹಸ್ಥನು ಹಿಂಸೆಯಿಂದ ಪೂರ್ಣ ಮುಕ್ತನಾಗಲಾರನೆಂಬುದನ್ನು ಜಿನಧರ್ಮ ಬಲ್ಲದು. ಒಕ್ಕಲುತನದಲ್ಲಿ ಅನಿವಾರ್ಯವಾಗಿ ಒದಗುವುದು ಉದ್ಯೋಗೀ ಹಿಂಸೆ. ಪ್ರಯೋಜನವಿಲ್ಲದೆ ಜೀವಿಗಳನ್ನು ಬಾಧಿಸುವುದು ಅನರ್ಥದಂಡ. ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಅದರ ಐದು ಬಗೆಗಳನ್ನು ಹೇಳಿದ್ದಾರೆ. ವೃಥಾ ನೆಲವನ್ನು ಅಗೆಯುವುದು, ಗಿಡಗಳನ್ನು ಕಡಿಯುವುದು, ಕಾರಣವಿಲ್ಲದೆ ಅಲೆಯುವುದು, ಇತರರನ್ನು ಅಲೆಸುವುದು 'ಪ್ರಮಾದಚರ್ಯೆ'. 'ನನಗೆ ಕಾಣಲಿಲ್ಲ' ಎಂಬ ಸಮಾಧಾನ ಇಲ್ಲಿ ಸಲ್ಲದು. ಕಾಣದಷ್ಟು ಅಜಾಗ್ರತೆಯೇ ಪ್ರಮಾದ.

ದೋಷ ವಾಹನದಲ್ಲಿಲ್ಲ. ಅದೇ ಬೈಕಿನಲ್ಲಿ ರೋಗಿಯನ್ನು ಆಸ್ಪತ್ರೆಗೆ ಒಯ್ದರೆ ಅದು ಅನರ್ಥವಲ್ಲ. ಒಮ್ಮೆಲೇ ಎಲ್ಲವನ್ನೂ ತೊರೆಯಲಾಗದವನಿಗೂ ದಾರಿಯುಂಟು: ಜೀವನಪರ್ಯಂತದ ತ್ಯಾಗ 'ಯಮ', ಕಾಲಮಿತಿಯುಳ್ಳದ್ದು 'ನಿಯಮ'. ಮರಿಗಳು ಹಾರುವವರೆಗೆ ಬಯಲಿಗೆ ಇಳಿಯೆನೆಂಬ ನಿಯಮದಿಂದ ಆರಂಭಿಸಬಹುದು. ಬಿಟ್ಟ ಮೇಲೆ ಮನಸ್ಸಿಗೆ ನಿಜವಾಗಿ ಏನು ಕೊರತೆಯಾಯಿತೆಂದು ನೋಡಿಕೊಂಡರೆ, ಮುಂದಿನ ನಿರ್ಧಾರ ಕಠಿಣವಾಗದು.