ಬೆನ್ನಿ ಲಿಂಚ್ ಮತ್ತು ತೂಕದ ನಿಯಮ

ಮುಷ್ಟಿಯುದ್ಧದಲ್ಲಿ ಸ್ಪರ್ಧಿಗಳನ್ನು ದೇಹತೂಕಕ್ಕನುಸಾರವಾಗಿ ವಿಂಗಡಿಸುವುದು ಹಗುರದೇಹಿಯ ರಕ್ಷಣೆಗಾಗಿ ಏರ್ಪಟ್ಟ ನಿಯಮ. 1909ರಲ್ಲಿ ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ ಎಂಟು ವರ್ಗಗಳನ್ನು ನಿಗದಿಪಡಿಸಿದಾಗ, ಅತ್ಯಂತ ಕೆಳಗಿನ ಫ್ಲೈವೇಟ್ ವರ್ಗಕ್ಕೆ 112 ಪೌಂಡುಗಳ, ಎಂದರೆ ಸುಮಾರು 51 ಕಿಲೋಗ್ರಾಂಗಳ, ಮಿತಿ ಗೊತ್ತಾಯಿತು. ರಕ್ಷಣೆಗೆಂದು ಹುಟ್ಟಿದ ಈ ಮಿತಿಯೇ ಎದುರಾಳಿಗಿಂತ ಕಠಿನವಾಗಬಹುದೆಂಬುದಕ್ಕೆ ಸ್ಕಾಟ್ಲೆಂಡಿನ ಬೆನ್ನಿ ಲಿಂಚನ ವೃತ್ತಿಜೀವನವು ನಿದರ್ಶನವಾಗಿದೆ.

ಲಿಂಚನು 1913ರಲ್ಲಿ ಗ್ಲಾಸ್ಗೋ ನಗರದ ಗಾರ್ಬಲ್ಸ್ ಎಂಬ ಬಡವರ ಕೇರಿಯಲ್ಲಿ ಜನಿಸಿದನು. ಜಾತ್ರೆಗಳಲ್ಲಿ ಹೂಡುತ್ತಿದ್ದ ಮುಷ್ಟಿಯುದ್ಧದ ಡೇರೆಗಳಲ್ಲಿ, ಸವಾಲು ಹಾಕಿ ಬಂದವರೊಡನೆಲ್ಲ ಸೆಣಸಿ, ಈ ವಿದ್ಯೆಯಲ್ಲಿ ಪಳಗಿದನು. 1935ರ ಸೆಪ್ಟೆಂಬರ್ 9ರಂದು ಮ್ಯಾಂಚೆಸ್ಟರಿನಲ್ಲಿ ಜಾಕಿ ಬ್ರೌನನನ್ನು ಎರಡೇ ಸುತ್ತುಗಳಲ್ಲಿ ಸೋಲಿಸಿ ಪ್ರಶಸ್ತಿಯನ್ನು ಪಡೆದನು. ಆದರೆ ಅಮೆರಿಕದಲ್ಲಿ ಮನ್ನಣೆಯಿದ್ದುದು ಫಿಲಿಪೈನ್ಸಿನ ಸ್ಮಾಲ್ ಮೊಂಟಾನನಿಗೆ. 1937ರ ಜನವರಿಯಲ್ಲಿ ವೆಂಬ್ಲಿಯಲ್ಲಿ ಆತನನ್ನೂ 15 ಸುತ್ತುಗಳಲ್ಲಿ ಅಂಕಗಳಿಂದ ಗೆದ್ದ ಮೇಲೆ ಲಿಂಚನ ಜಗಜ್ಜೇತೃತ್ವವು ನಿರ್ವಿವಾದವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಗ್ಲಾಸ್ಗೋವಿನ ಷಾಫೀಲ್ಡ್ ಮೈದಾನದಲ್ಲಿ, ಪೀಟರ್ ಕೇನನನ್ನು ಹದಿಮೂರನೆಯ ಸುತ್ತಿನಲ್ಲಿ ಕೆಡಹಿದ್ದು ಆತನ ಕೀರ್ತಿಯ ಶಿಖರ.

ಆದರೆ ವಯಸ್ಸಿನೊಡನೆ ಬಲಿಯುತ್ತಿದ್ದ ದೇಹವು ಹಳೆಯ ಮಿತಿಗೆ ಒಗ್ಗದಾಗಿತ್ತು. ಮದ್ಯಪಾನದ ಚಟವು ಅಭ್ಯಾಸವನ್ನು ಕೆಡಿಸಿತ್ತು. ಅಲ್ಪಕಾಲದಲ್ಲಿ ತೂಕವಿಳಿಸುವವನು ಕೊಬ್ಬಿಗಿಂತ ಹೆಚ್ಚಾಗಿ ನೀರನ್ನು ಕಳೆದುಕೊಳ್ಳುತ್ತಾನೆ. ಅದರೊಡನೆ ತ್ರಾಣವೂ ಇಳಿಯುತ್ತದೆ. 1938ರ ಜೂನ್ 29ರಂದು ಪೇಸ್ಲಿಯಲ್ಲಿ ಜಾಕಿ ಜ್ಯೂರಿಕ್‌ನೊಡನೆ ಹೋರಾಡುವ ಮುನ್ನ ತೂಗಿದಾಗ ಲಿಂಚನ ತೂಕ 118½ ಪೌಂಡುಗಳಿದ್ದಿತು. ಹೆಚ್ಚಳವು ಆರೂವರೆ ಪೌಂಡು; ಮೇಲಿನ ಬ್ಯಾಂಟಮ್‌ವೇಟ್ ವರ್ಗದ 118 ಪೌಂಡುಗಳ ಮಿತಿಯೂ ಮೀರಿದ್ದಿತು. ಪಂದ್ಯವೇನೋ ನಡೆಯಿತು; ಹನ್ನೆರಡನೆಯ ಸುತ್ತಿನಲ್ಲಿ ಲಿಂಚನೇ ಗೆದ್ದನು. ಆದರೆ ಪ್ರಶಸ್ತಿಯು ತಕ್ಕಡಿಯ ಮೇಲೆಯೇ ಕೈಬಿಟ್ಟಿತ್ತು.

ಅದೇ ಅಕ್ಟೋಬರಿನಲ್ಲಿ ರುಮೇನಿಯದ ಔರೆಲ್ ಟೋಮನು ಆತನನ್ನು ಐದನೆಯ ಸುತ್ತಿನಲ್ಲಿ ಕೆಡಹಿದನು. ಅದೇ ಲಿಂಚನ ಕೊನೆಯ ಪಂದ್ಯ. 1946ರ ಆಗಸ್ಟಿನಲ್ಲಿ, ತನ್ನ 33ನೆಯ ವಯಸ್ಸಿನಲ್ಲಿ, ಪೌಷ್ಟಿಕಾಹಾರದ ಕೊರತೆಯಿಂದ ಜರ್ಜರಿತನಾಗಿ ಮಡಿದನು.

ಈ ಪತನಕ್ಕೆ ವ್ಯಸನವೊಂದನ್ನೇ ಹೊಣೆಮಾಡುವುದು ಸುಲಭ. ಆದರೆ ನಿಯಮದ ಒಂದು ಮಿತಿಯನ್ನೂ ಇಲ್ಲಿ ಗಮನಿಸಬೇಕು. ತಕ್ಕಡಿಯು ಒಂದು ಕ್ಷಣದ ಭಾರವನ್ನಷ್ಟೇ ಹೇಳುತ್ತದೆ. ದೇಹವು ಆ ಭಾರಕ್ಕೆ ಇಳಿದ ಬಗೆಯನ್ನು ಹೇಳುವುದಿಲ್ಲ. ಕ್ರೀಡಾಪಟುವಿನ ತೂಕದೊಡನೆ ಆತನ ಆರೋಗ್ಯವನ್ನೂ ವರ್ಷವಿಡೀ ಪರೀಕ್ಷಿಸಿದಾಗಲೇ ಈ ನಿಯಮದ ಮೂಲೋದ್ದೇಶವು ನೆರವೇರೀತು.