ಹೊಸ ವಿಂಡೋಸ್ ಹಾಕಿಸಿದ ಮೇಲೆ ಸಿ.ಡಿ. ಓಡದಿದ್ದರೆ

ದೇವನಕೊಂಡ, ಆಲೂರು, ಆದೋನಿ ಕಡೆಯ ನಮ್ಮ ರೈತ ಬಂಧುಗಳ ಮನೆಗಳಲ್ಲಿ ಮದುವೆಯ ಹಳೆಯ ಸಿ.ಡಿ., ಡಿ.ವಿ.ಡಿ.ಗಳನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಿರುವವರು ಅನೇಕರು. ತೀರಿಕೊಂಡ ಹಿರಿಯರ ಮುಖ, ಅವರ ಮಾತು ಕೆಲವರಿಗೆ ಉಳಿದಿರುವದು ಅದೊಂದರಲ್ಲಿಯೇ. ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿಸಿದ ಮೇಲೆ ಅದು ಓಡದೆ ಹೋದರೆ, ಕೆಟ್ಟಿತೆಂದು ಎಸೆದುಬಿಡುವದುಂಟು. ನಾವೂ ಒಮ್ಮೆ ಅವಸರಪಟ್ಟು ಹೊಸ ಡ್ರೈವ್ ಕೊಂಡೆವು. ಅದರಲ್ಲಿಯೂ ಡಿ.ವಿ.ಡಿ. ಓಡಲಿಲ್ಲ. ದೋಷ ಬೇರೆಡೆಯಲ್ಲಿತ್ತು; ಹಣ ಹೋದ ಮೇಲೆ ತಿಳಿಯಿತು. ಓದುಗರಿಗೆ ಹಾಗಾಗಬಾರದೆಂದು ಈ ನಾಲ್ಕು ಮಾತು.

ಕಾರಣವೇನು?

ಡಿ.ವಿ.ಡಿ.ಯಲ್ಲಿ ಚಿತ್ರವನ್ನು ಎಂಪೆಗ್-೨ ಎಂಬ ಕ್ರಮದಲ್ಲಿ ಅಡಕ ಮಾಡಿರುತ್ತಾರೆ. ಅದನ್ನು ಬಿಡಿಸಿ ತೋರಿಸುವ ಸಾಧನ ವಿಂಡೋಸ್ ೭ರ ಹಲವು ಬಗೆಗಳಲ್ಲಿ ಕೂಡಿಯೇ ಬರುತ್ತಿತ್ತು. ೨೦೧೨ರಲ್ಲಿ ಬಂದ ವಿಂಡೋಸ್ ೮ರಿಂದ ಮೈಕ್ರೋಸಾಫ್ಟ್ ಕಂಪನಿಯವರು ಅದನ್ನು ಕೈಬಿಟ್ಟರು. ಅದರ ಪರವಾನಗಿಗೆ ಹಣ ತೆರಬೇಕಾಗಿತ್ತು. ಡ್ರೈವೇ ಇಲ್ಲದ ಕಂಪ್ಯೂಟರುಗಳೂ ಹೆಚ್ಚುತ್ತಿದ್ದವು. ೨೦೧೫ರ ವಿಂಡೋಸ್ ೧೦, ೨೦೨೧ರ ವಿಂಡೋಸ್ ೧೧ ಇವುಗಳಲ್ಲಿಯೂ ಅದು ಕೂಡಿ ಬರುವದಿಲ್ಲ. ಶೇಂಗಾ ಗಟ್ಟಿಯಾಗಿಯೇ ಇದೆ, ಗಾಣವಿಲ್ಲ, ಅಷ್ಟೆ.

ಪರೀಕ್ಷಿಸುವ ಕ್ರಮ

೧. ಮೊದಲು ಸಿ.ಡಿ.ಯನ್ನು ಮೆತ್ತನೆಯ ಅರಿವೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರಸಿರಿ. ಸುತ್ತುಸುತ್ತಾಗಿ ಒರಸಬಾರದು. ಬೇರೆ ಒಂದೆರಡು ಸಿ.ಡಿ.ಗಳನ್ನೂ ಹಾಕಿ ನೋಡಿರಿ. ಒಂದು ಮಾತ್ರ ಓಡದಿದ್ದರೆ ದೋಷ ಅದರದೇ ಇರಬಹುದು.

೨. ಡ್ರೈವಿನ ಗುರುತು ಕಾಣುತ್ತದೆ, ಒಳಗಿನ ಫೈಲುಗಳೂ ಕಾಣುತ್ತವೆ, ಚಿತ್ರ ಮಾತ್ರ ಬರದು ಎಂದಾದರೆ ಗಾಣದ ಕೊರತೆಯೆಂದು ತಿಳಿಯಿರಿ. ವಿ.ಎಲ್.ಸಿ. ಎಂಬ ಪ್ಲೇಯರನ್ನು ಅದನ್ನು ತಯಾರಿಸುವ ವಿಡಿಯೋಲ್ಯಾನ್ ಸಂಸ್ಥೆಯ ತಾಣದಿಂದಲೇ ಇಳಿಸಿಕೊಳ್ಳಿರಿ. ಹಣ ಕೊಡಬೇಕಾಗಿಲ್ಲ. ಅದರಲ್ಲಿ 'ಮೀಡಿಯಾ' ಒತ್ತಿ, 'ಓಪನ್ ಡಿಸ್ಕ್' ಆರಿಸಿ, 'ಪ್ಲೇ' ಒತ್ತತಕ್ಕದ್ದು.

೩. ಡ್ರೈವಿನ ಗುರುತೇ ಕಾಣದಿದ್ದರೆ 'ಸ್ಟಾರ್ಟ್' ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. ಅಲ್ಲಿ ಡ್ರೈವಿನ ಹೆಸರಿದ್ದರೆ ಅದನ್ನು 'ಅನ್‌ಇನ್‌ಸ್ಟಾಲ್' ಮಾಡಿ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿರಿ. ವಿಂಡೋಸ್ ತಾನೇ ಅದನ್ನು ಹುಡುಕಿ ಸೇರಿಸಿಕೊಳ್ಳುತ್ತದೆ. ಹೆಸರೇ ಇಲ್ಲದಿದ್ದರೆ ಒಳಗಿನ ವೈರು ಸಡಿಲಾಗಿದೆಯೋ ಎಂದು ತಿಳಿದವರಿಂದ ನೋಡಿಸಿರಿ. ಹಳದಿ ಗುರುತಿನೊಡನೆ ೧೯ ಅಥವಾ ೩೯ ಎಂಬ ಸಂಖ್ಯೆ ಬಂದರೆ, ಸಿ.ಡಿ. ಬರೆಯುವ ಹಳೆಯ ಪ್ರೋಗ್ರಾಮಿನ ಕಸ ರಿಜಿಸ್ಟ್ರಿಯಲ್ಲಿ ಉಳಿದಿರಬಹುದು. 'ಅಪ್ಪರ್ ಫಿಲ್ಟರ್ಸ್', 'ಲೋಯರ್ ಫಿಲ್ಟರ್ಸ್' ಎಂಬ ಆ ಎರಡು ನಮೂದುಗಳನ್ನು ತೆಗೆಯಬೇಕಾಗುತ್ತದೆ. ರಿಜಿಸ್ಟ್ರಿಯ ನಕಲು ಇಟ್ಟುಕೊಂಡು, ಬಲ್ಲವರೇ ಇದನ್ನು ಮಾಡಲಿ. ಅಲ್ಲಿ ಕೈ ತಪ್ಪಿದರೆ ಕಂಪ್ಯೂಟರೇ ನಿಲ್ಲಬಹುದು.

೪. ಕೊಲ್ಲಿ ದೇಶದಿಂದ ನೆಂಟರು ತಂದ ಸಿನೆಮಾ ಡಿ.ವಿ.ಡಿ. ಓಡದಿದ್ದರೆ ಪ್ರದೇಶದ ಸಂಖ್ಯೆ ನೋಡಿರಿ. ನಮ್ಮ ದೇಶದ್ದು ೫, ಅಲ್ಲಿಯದು ೨. ಡ್ರೈವಿನ ಈ ಸಂಖ್ಯೆಯನ್ನು ೫ ಸಲ ಮಾತ್ರ ಬದಲಿಸಲು ಬರುತ್ತದೆ. ಆಮೇಲೆ ಕಡೆಯದೇ ಕಾಯಂ. ಸುಮ್ಮನೆ ಬದಲಿಸುತ್ತ ಹೋಗಬೇಡಿರಿ.

ಓಡಿದ ದಿನವೇ ನಕಲು

ಕಡೆಯದಾಗಿ ಮುಖ್ಯ ಮಾತು. ಸಿ.ಡಿ. ಒಮ್ಮೆ ಓಡಿತೆಂದು ಮತ್ತೆ ಪೆಟ್ಟಿಗೆಗೆ ಹಾಕಿ ಮರೆಯಬೇಡಿರಿ. ಮದುವೆಯ ಡಿ.ವಿ.ಡಿ.ಯಲ್ಲಿ 'ವಿಡಿಯೋ ಟಿ.ಎಸ್.' ಎಂಬ ಫೋಲ್ಡರ್ ಇರುತ್ತದೆ. ಅದನ್ನು ಇಡಿಯಾಗಿ ಪೆನ್ ಡ್ರೈವಿಗೆ ನಕಲು ಮಾಡಿರಿ. ಸಾಧಾರಣ ಡಿ.ವಿ.ಡಿ. ಹಿಡಿಸುವದು ೪.೭ ಜಿ.ಬಿ.; ೧೬ ಜಿ.ಬಿ. ಪೆನ್ ಡ್ರೈವಿನಲ್ಲಿ ಮೂರು ಹಿಡಿಯುತ್ತವೆ. ನಕಲು ಓಡುವದೋ ಎಂದು ಕೂಡಲೆ ನೋಡಿ, ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿಡಿರಿ. ಡ್ರೈವ್ ಅಂಗಡಿಯಲ್ಲಿ ಸಿಕ್ಕೀತು, ಅಜ್ಜನ ಮಾತು ಸಿಗದು. ಬಿತ್ತನೆಯ ಬೀಜದಂತೆ ಇದನ್ನು ಕಾಯ್ದಿಡತಕ್ಕದ್ದು.