ಚಿಪ್ಪು ಒಡೆಯಲಾರದ ಮರಿಗೆ ನೆರವು: ಯಾವಾಗ ಹಿತ, ಯಾವಾಗ ಅಹಿತ?

ಕೋಳಿಮೊಟ್ಟೆ ಮರಿಯಾಗಲು 21 ದಿನ ಬೇಕು ಎಂಬುದು ಶಾಲಾ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಆ 21 ದಿನಗಳ ಪೈಕಿ ಕೊನೆಯ 24 ಗಂಟೆಗಳೇ ಅತ್ಯಂತ ನಿರ್ಣಾಯಕವೆಂಬುದು ಮನೆಯಲ್ಲಿ ಇನ್‌ಕ್ಯುಬೇಟರ್ ಇರಿಸಿಕೊಂಡವರಿಗಷ್ಟೇ ಅನುಭವಕ್ಕೆ ಬರುವ ಸತ್ಯ. ಚಿಪ್ಪಿನಲ್ಲಿ ಸಣ್ಣದೊಂದು ರಂಧ್ರ ಮೂಡುತ್ತದೆ. ಒಳಗಿನಿಂದ ಕ್ಷೀಣವಾದ ಕೂಗು ಕೇಳಿಸುತ್ತದೆ. ಗಂಟೆಗಳು ಉರುಳಿದರೂ ಮರಿ ಮಾತ್ರ ಹೊರಬರುವುದಿಲ್ಲ. ಇಂಥ ಹೊತ್ತಿನಲ್ಲಿ ಮುಚ್ಚಳ ತೆರೆದು, ಉಗುರಿನಿಂದ ಚಿಪ್ಪು ಬಿಡಿಸಿ ಮರಿಯನ್ನು ‘ಬಿಡುಗಡೆ’ ಮಾಡಬೇಕೆಂಬ ಕನಿಕರ ಯಾರಲ್ಲಾದರೂ ಮೂಡುವುದು ಸಹಜ. ದುರದೃಷ್ಟವೆಂದರೆ, ಅನೇಕ ಸಂದರ್ಭಗಳಲ್ಲಿ ಈ ಕನಿಕರವೇ ಮರಿಯ ಸಾವಿಗೆ ಕಾರಣವಾಗುತ್ತದೆ.

ಹಾಗೆಂದು ಎಲ್ಲ ಸಂದರ್ಭಗಳಲ್ಲೂ ಕೈಕಟ್ಟಿ ಕುಳಿತಿರಬೇಕೆಂದು ಇದರ ಅರ್ಥವಲ್ಲ. ನೆರವಿಲ್ಲದೆ ಬದುಕಲಾರದ ಮರಿಗಳೂ ಇರುತ್ತವೆ. ಕಾಯುವುದು ಯಾವಾಗ, ಕೈಹಾಕುವುದು ಯಾವಾಗ ಎಂಬ ವಿವೇಚನೆಗೆ ಚಿಪ್ಪಿನೊಳಗೆ ನಡೆಯುವ ಪ್ರಕ್ರಿಯೆಯ ತಿಳಿವಳಿಕೆ ಅಗತ್ಯ.

ಹೇಂಟೆಯಿಂದ ಪೆಟ್ಟಿಗೆಗೆ

ಕಾವಿಗೆ ಬಂದ ಹೇಂಟೆಯನ್ನು ಬುಟ್ಟಿಯಲ್ಲಿ ಹುಲ್ಲು ಹಾಸಿ ಕೂರಿಸಿ ಮರಿ ಮಾಡಿಸುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಬೆಚ್ಚಗಿಡುವುದು, ತಿರುಗಿಸುವುದು, ತೇವ ಕಾಯುವುದು ಎಲ್ಲವೂ ಹೇಂಟೆಯದೇ ಹೊಣೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿ 1989ರಲ್ಲಿ ಬಿಡುಗಡೆಯಾದ ಬಳಿಕ ರಾಜ್ಯದ ಹಿತ್ತಿಲ ಕೋಳಿ ಸಾಕಣೆಗೆ ಹೊಸ ಆಯಾಮ ದೊರೆಯಿತು. ಆದರೆ ಹೆಚ್ಚು ಮೊಟ್ಟೆಗಾಗಿ ಅಭಿವೃದ್ಧಿಪಡಿಸಿದ ಕೋಳಿಗಳಲ್ಲಿ ಕಾವು ಕೂರುವ ಪ್ರವೃತ್ತಿ ಬಹುಮಟ್ಟಿಗೆ ಕ್ಷೀಣಿಸಿರುತ್ತದೆ. ಇದರಿಂದಾಗಿ, ಹಾಗೂ ನಾಟಿ ಕೋಳಿಗೆ ನಗರಗಳಲ್ಲಿರುವ ಬೇಡಿಕೆಯಿಂದಾಗಿ, ಕೆಲವು ಡಜನ್ ಮೊಟ್ಟೆ ಹಿಡಿಸುವ ಪುಟ್ಟ ಇನ್‌ಕ್ಯುಬೇಟರ್‌ಗಳು ತೋಟದ ಮನೆಗಳಿಗೂ ನಗರದಂಚಿನ ಬಡಾವಣೆಗಳಿಗೂ ಬಂದಿವೆ. ಹೇಂಟೆಯ ಸಹಜ ಜ್ಞಾನದ ಸ್ಥಾನದಲ್ಲಿ ಈಗ ಥರ್ಮಾಮೀಟರ್, ಹೈಗ್ರೋಮೀಟರ್ ಮತ್ತು ಮನುಷ್ಯನ ಆತುರ ಇವೆ.

ಕೊನೆಯ ಮೂರು ದಿನಗಳು

18ನೇ ದಿನದ ಹೊತ್ತಿಗೆ ಭ್ರೂಣವು ಮೊಟ್ಟೆಯ ಬಹುಭಾಗವನ್ನು ತುಂಬಿರುತ್ತದೆ. ಸಹಜ ಭಂಗಿಯಲ್ಲಿ ಮರಿಯ ತಲೆ ಮೊಟ್ಟೆಯ ಅಗಲ ತುದಿಯ ಕಡೆಗಿದ್ದು, ಬಲ ರೆಕ್ಕೆಯ ಕೆಳಗೆ ಮಡಚಿಕೊಂಡಿರುತ್ತದೆ. ಆ ಅಗಲ ತುದಿಯಲ್ಲೇ ಗಾಳಿಕೋಣೆಯಿದೆ. ಅಲ್ಲಿಯವರೆಗೆ ಮರಿಗೆ ಶ್ವಾಸಕೋಶದ ಉಸಿರಾಟವಿಲ್ಲ. ಚಿಪ್ಪಿನ ಒಳಮೈಗೆ ಅಂಟಿಕೊಂಡ ಪೊರೆಯಲ್ಲಿ ಹರಡಿರುವ ರಕ್ತನಾಳಗಳೇ, ಚಿಪ್ಪಿನಲ್ಲಿರುವ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ಆಮ್ಲಜನಕ ಪಡೆದು ಇಂಗಾಲದ ಡೈಆಕ್ಸೈಡನ್ನು ಹೊರಹಾಕುತ್ತಿರುತ್ತವೆ.

19 ಅಥವಾ 20ನೇ ದಿನ ಮರಿ ತನ್ನ ಕೊಕ್ಕಿನಿಂದ ಗಾಳಿಕೋಣೆಯ ಪೊರೆಯನ್ನು ಸೀಳಿ ಮೊದಲ ಉಸಿರು ಎಳೆದುಕೊಳ್ಳುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಕಾಣದು, ಕೂಗಷ್ಟೇ ಕೇಳಿಸಬಹುದು. ಆ ಪುಟ್ಟ ಕೋಣೆಯ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಏರುತ್ತಿದ್ದಂತೆ ಕತ್ತಿನ ಹಿಂಭಾಗದ ಬಲಿತ ಸ್ನಾಯು ಸೆಟೆದು ಸಡಿಲಗೊಳ್ಳಲಾರಂಭಿಸುತ್ತದೆ. ಮೇಲ್ಗೊಕ್ಕಿನ ತುದಿಯಲ್ಲಿರುವ, ಮರಿ ಹುಟ್ಟಿದ ಕೆಲ ದಿನಗಳಲ್ಲಿ ಉದುರಿಹೋಗುವ ಚೂಪಾದ ಮೊಳೆಯಂಥ ಭಾಗ ಚಿಪ್ಪಿಗೆ ಬಡಿಯುತ್ತದೆ. ಮೂಳೆಗಳಿಗೆ ಬೇಕಾದ ಕ್ಯಾಲ್ಸಿಯಮನ್ನು ಮರಿ ಚಿಪ್ಪಿನಿಂದಲೇ ಹೀರಿಕೊಂಡಿರುವುದರಿಂದ ಆ ವೇಳೆಗೆ ಚಿಪ್ಪು ತುಸು ದುರ್ಬಲವೂ ಆಗಿರುತ್ತದೆ. ಹೀಗೆ ಹೊರಗೆ ಮೊದಲ ರಂಧ್ರ ಮೂಡುತ್ತದೆ.

ಮೌನವೂ ಕೆಲಸವೇ

ನೋಡುವವರ ತಾಳ್ಮೆ ತಪ್ಪುವುದು ಇಲ್ಲಿಯೇ. ಮೊದಲ ರಂಧ್ರ ಮೂಡಿದ ಬಳಿಕ ಮರಿ 12ರಿಂದ 24 ಗಂಟೆಗಳ ಕಾಲ ಹೆಚ್ಚೇನೂ ಮಾಡದೆ ಇರುವುದು ಸಾಮಾನ್ಯ. ಇದು ಸೋಲಲ್ಲ, ಸುಸ್ತೂ ಅಲ್ಲ. ಈ ಅವಧಿಯಲ್ಲಿ ಎರಡು ಮಹತ್ವದ ಕಾರ್ಯಗಳು ಪೂರ್ಣಗೊಳ್ಳಬೇಕಿರುತ್ತವೆ. ಮೊದಲನೆಯದಾಗಿ, ಉಸಿರಾಟದ ಹೊಣೆ ಸಂಪೂರ್ಣವಾಗಿ ಶ್ವಾಸಕೋಶಕ್ಕೆ ವರ್ಗವಾಗಿ, ಪೊರೆಯ ನಾಳಗಳಲ್ಲಿರುವ ರಕ್ತ ಮರಿಯ ದೇಹಕ್ಕೆ ಮರಳಬೇಕು. ಎರಡನೆಯದಾಗಿ, ಉಳಿದಿರುವ ಹಳದಿಯ ಚೀಲ ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಸೇರಿಕೊಂಡು ಹೊಕ್ಕುಳು ಮುಚ್ಚಿಕೊಳ್ಳಬೇಕು.

ಇವು ಮುಗಿಯುವ ಮುನ್ನವೇ ಚಿಪ್ಪು ಸುಲಿದರೆ ಆಗುವ ಪರಿಣಾಮ ಊಹಿಸಬಹುದು. ಪೊರೆಯ ನಾಳ ಹರಿದರೆ ಮರಿಯ ರಕ್ತವೇ ಸೋರಿಹೋಗುತ್ತದೆ. ಅಷ್ಟು ಪುಟ್ಟ ಜೀವಕ್ಕೆ ಕೆಲವೇ ಹನಿಗಳ ನಷ್ಟವೂ ಮಾರಕವಾಗಬಹುದು. ಹಳದಿಯ ಚೀಲ ಹೊರಗೇ ಉಳಿದ ಮರಿಗೆ ಸೋಂಕು ತಗುಲಿ ಬದುಕುವ ಸಾಧ್ಯತೆ ತೀರಾ ಕಡಿಮೆಯಾಗುತ್ತದೆ.

ಎರಡೂ ಕಾರ್ಯ ಮುಗಿದ ಬಳಿಕ ಮರಿ ತನ್ನಷ್ಟಕ್ಕೆ ತಾನೇ ಸುತ್ತ ತಿರುಗುತ್ತಾ ಅಗಲ ತುದಿಯ ಚಿಪ್ಪನ್ನು ಟೋಪಿಯಂತೆ ಕತ್ತರಿಸುತ್ತದೆ. ಕೊನೆಗೆ ಕಾಲುಗಳಿಂದ ಒದ್ದು ಹೊರಬರುತ್ತದೆ. ಈ ಕೊನೆಯ ಹಂತಕ್ಕೆ ಸಾಮಾನ್ಯವಾಗಿ ಒಂದೆರಡು ಗಂಟೆಗಳಿಗಿಂತ ಹೆಚ್ಚು ಬೇಕಾಗದು.

ಅಪಾಯದ ಲಕ್ಷಣಗಳು

ನೆರವಿನ ವಿಚಾರ ಮಾಡಬೇಕಾದ ಸಂದರ್ಭಗಳು ಕೆಲವೇ. ಮೊದಲ ರಂಧ್ರ ಮೂಡಿ 24 ಗಂಟೆ ಪೂರ್ತಿ ಕಳೆದರೂ ಏನೇನೂ ಪ್ರಗತಿಯಿಲ್ಲದಿರುವುದು ಅವುಗಳಲ್ಲಿ ಮೊದಲನೆಯದು. ಟೋಪಿಯಂತೆ ಕತ್ತರಿಸಲು ಆರಂಭಿಸಿದ ಮರಿ ನಡುವೆಯೇ ನಿಂತು ಹಲವು ಗಂಟೆಗಳಾಗಿದ್ದರೆ ಅದೂ ಕಾಳಜಿಯ ವಿಷಯವೇ. ರಂಧ್ರವು ಗಾಳಿಕೋಣೆಯಿಲ್ಲದ ಚೂಪು ತುದಿಯಲ್ಲಿ ಮೂಡಿದ್ದರೆ ಮರಿ ತಲೆಕೆಳಗಾಗಿದೆಯೆಂದು ಅರ್ಥ. ಅಂಥ ಮರಿಗಳಲ್ಲಿ ಕೆಲವು ತಾವಾಗಿಯೇ ಹೊರಬರುತ್ತವೆಯಾದರೂ ಅವುಗಳ ಮೇಲೆ ವಿಶೇಷ ನಿಗಾ ಅಗತ್ಯ.

ರಂಧ್ರದಲ್ಲಿ ಕಾಣುವ ಪೊರೆಯ ಬಣ್ಣವೂ ಸುಳಿವು ನೀಡುತ್ತದೆ. ಪೊರೆ ಬೆಳ್ಳಗೆ, ಮೆತ್ತಗೆ ಇದ್ದರೆ ತೇವ ಸರಿಯಾಗಿದೆ. ಒಣಗಿ ಕಂದು ಬಣ್ಣಕ್ಕೆ ತಿರುಗಿ ತೊಗಲಿನಂತೆ ಬಿಗಿದಿದ್ದರೆ ಮರಿ ಅದರಲ್ಲಿ ಸಿಕ್ಕಿಬಿದ್ದಿದೆ. ಎಷ್ಟೇ ಶಕ್ತಿಯಿದ್ದರೂ ಅದಕ್ಕೆ ತಿರುಗಲು ಆಗದು. ವಾಸ್ತವವಾಗಿ, ಮನುಷ್ಯನ ನೆರವಿನಿಂದ ಬದುಕುವ ಸಾಧ್ಯತೆ ಹೆಚ್ಚಿರುವುದು ಇಂಥ ಮರಿಗೇ. ಏಕೆಂದರೆ ಇಲ್ಲಿ ದೋಷ ಮರಿಯದಲ್ಲ, ಪೆಟ್ಟಿಗೆಯ ಒಣಗಾಳಿಯದು.

ನೆರವಿನ ಕ್ರಮ

ಮೊದಲು ಸಾಬೂನಿನಿಂದ ಕೈ ತೊಳೆದುಕೊಳ್ಳಬೇಕು. ಕೋಣೆಯ ಫ್ಯಾನ್ ನಿಲ್ಲಿಸಬೇಕು. ಉಗುರುಬೆಚ್ಚಗಿನ ಶುದ್ಧ ನೀರು, ಹತ್ತಿ ಸುತ್ತಿದ ಕಡ್ಡಿ ಮತ್ತು ಮೊಂಡಾದ ಚಿಮುಟ ಸಿದ್ಧವಿರಲಿ. ಮೊಟ್ಟೆ ಹೊರಗಿರುವ ಅವಧಿ ಕೆಲವೇ ನಿಮಿಷಗಳಿಗೆ ಸೀಮಿತವಾಗಿರಬೇಕು.

ಕೊಕ್ಕಿನ ಹೊಳ್ಳೆಗಳು ತೆರೆದಿವೆಯೇ ಎಂದು ನೋಡಿ, ಗಾಳಿಯಾಡುವಷ್ಟು ಮಾತ್ರ ರಂಧ್ರವನ್ನು ಹಿಗ್ಗಿಸುವುದು ಮೊದಲ ಹೆಜ್ಜೆ. ಅನಂತರ ಗಾಳಿಕೋಣೆಯ ಮೇಲಿನ ಚಿಪ್ಪನ್ನಷ್ಟೇ ಚೂರುಚೂರಾಗಿ ತೆಗೆಯಬೇಕು. ಆ ಭಾಗದ ಚಿಪ್ಪಿನ ಕೆಳಗೆ ಗಾಳಿ ಮಾತ್ರ ಇರುವುದರಿಂದ ಅಪಾಯ ಕಡಿಮೆ. ಈಗ ಕಾಣುವ ಪೊರೆಯನ್ನು ಒದ್ದೆ ಹತ್ತಿಯಿಂದ ತೇವಗೊಳಿಸಿದರೆ ಅದು ಪಾರದರ್ಶಕವಾಗಿ, ನಾಳಗಳಲ್ಲಿ ರಕ್ತವಿದೆಯೇ ಇಲ್ಲವೇ ಎಂಬುದು ಗೋಚರಿಸುತ್ತದೆ. ನೀರು ಹೊಳ್ಳೆಗೆ ತಾಗಕೂಡದು ಎಂಬ ಎಚ್ಚರ ಸದಾ ಇರಬೇಕು.

ಕೆಂಪು ನಾಳಗಳು ಕಂಡುಬಂದರೆ ಅಲ್ಲಿಗೇ ನಿಲ್ಲಿಸಬೇಕು. ಮೊಟ್ಟೆಯನ್ನು ಪೆಟ್ಟಿಗೆಗೆ ಮರಳಿಸಿ, ತೇವಾಂಶ ಹೆಚ್ಚಿಸಿ, ಕೆಲವು ಗಂಟೆಗಳ ಬಳಿಕವಷ್ಟೇ ಮತ್ತೆ ಪರೀಕ್ಷಿಸಬೇಕು. ರಕ್ತದ ಹನಿ ಕಾಣಿಸಿದರೆ ಶುದ್ಧ ಹತ್ತಿಯಿಂದ ಹಗುರವಾಗಿ ಒತ್ತಿ ಹಿಡಿಯಬೇಕು. ನಾಳಗಳು ಬರಿದಾಗಿದ್ದರೆ ಪೊರೆಯನ್ನು ಕೊಕ್ಕಿನ ಬಳಿಯಿಂದ ನಿಧಾನವಾಗಿ ಸರಿಸಿ ತಲೆಯನ್ನು ಬಿಡಿಸಬಹುದು. ಅಲ್ಲಿಂದ ಮುಂದಿನ ಕೆಲಸ ಮರಿಯದು. ಕೆಳಗಿನ ಅರ್ಧ ಚಿಪ್ಪಿನಿಂದ ಮರಿಯನ್ನು ಎಂದಿಗೂ ಎಳೆದು ತೆಗೆಯಬಾರದು. ಹೊಕ್ಕುಳು ಇನ್ನೂ ಅಂಟಿಕೊಂಡಿರುವ ಸಾಧ್ಯತೆ ಇರುವುದು ಅಲ್ಲಿಯೇ.

ಒಂದು ಮರಿಗಾಗಿ ಮುಚ್ಚಳ ತೆರೆದಾಗಲೆಲ್ಲ ಪೆಟ್ಟಿಗೆಯೊಳಗಿನ ತೇವ ಹೊರಹೋಗಿ, ಆಗಷ್ಟೇ ಬಿರಿದ ಉಳಿದ ಮೊಟ್ಟೆಗಳ ಪೊರೆಯೂ ಒಣಗುತ್ತದೆ. ಒಂದನ್ನು ಉಳಿಸುವ ಯತ್ನದಲ್ಲಿ ನಾಲ್ಕನ್ನು ಕಳೆದುಕೊಳ್ಳುವ ಪ್ರಸಂಗ ಹೀಗೆ ಒದಗುತ್ತದೆ.

ಹೊರಬಂದ ನಂತರ

ಹೊರಬಂದ ಮರಿ ಮೈ ಒಣಗಿ ನಯವಾದ ತುಪ್ಪಳ ಅರಳುವವರೆಗೆ ಇನ್‌ಕ್ಯುಬೇಟರಿನಲ್ಲೇ ಇರಲಿ. ಹೊಟ್ಟೆ ಸೇರಿದ ಹಳದಿಯೇ ಆಹಾರವಾಗುವುದರಿಂದ ಮೊದಲ ದಿನ ಮೇವು, ನೀರು ಇಲ್ಲವೆಂದು ಗಾಬರಿಪಡಬೇಕಿಲ್ಲ. ಅನಂತರ ಮೊದಲ ವಾರ ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಗೂಡಿಗೆ ವರ್ಗಾಯಿಸಬೇಕು. ನುಣುಪು ಕಾಗದದ ಮೇಲೆ ಕಾಲು ಜಾರಿ ಅಗಲಿಸುವುದರಿಂದ ಒರಟು ಬಟ್ಟೆ ಹಾಸುವುದು ಒಳಿತು.

ನೆರವು ಪಡೆದ ಎಲ್ಲ ಮರಿಗಳೂ ಬದುಕುವುದಿಲ್ಲ ಎಂಬ ಕಹಿಸತ್ಯವನ್ನು, ವಿಶೇಷವಾಗಿ ಮನೆಯ ಮಕ್ಕಳಿಗೆ, ಮೊದಲೇ ತಿಳಿಸಿಹೇಳುವುದು ಲೇಸು. ಒಳಗಿನ ಯಾವುದೋ ನ್ಯೂನತೆಯಿಂದಲೇ ಹೊರಬರಲಾರದ ಮರಿಗೆ ಚಿಪ್ಪು ಬಿಡಿಸಿದ ಮಾತ್ರಕ್ಕೆ ಆಯುಷ್ಯ ದೊರೆಯದು.

ಮೂಲ ಎಲ್ಲಿದೆ?

21ನೇ ದಿನ ಕಾಣಿಸಿಕೊಳ್ಳುವ ತೊಂದರೆಯ ಬೇರು ಬಹುತೇಕ ಅದಕ್ಕೂ ಹಿಂದಿನ ದಿನಗಳಲ್ಲಿರುತ್ತದೆ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರಬೇಕು. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ಮೇಲ್ಮಟ್ಟದಲ್ಲಿ ಅಳೆದಾಗ 38.3ರಿಂದ 38.9 ಡಿಗ್ರಿ ಇರಬೇಕು. ಉಷ್ಣತೆ ಕಡಿಮೆಯಾದರೆ ಮರಿ ತಡವಾಗಿ, ನಿತ್ರಾಣವಾಗಿ ಹುಟ್ಟುತ್ತದೆ. ಹೆಚ್ಚಾದರೆ ಹೊಕ್ಕುಳು ಮುಚ್ಚುವ ಮೊದಲೇ ಹೊರಬರುತ್ತದೆ. ಮೊಟ್ಟೆಯನ್ನು ಚೂಪು ತುದಿ ಮೇಲಾಗಿಟ್ಟರೆ ಮರಿ ತಲೆಕೆಳಗಾಗುವ ಸಂಭವ ಹೆಚ್ಚು. 18ನೇ ದಿನದವರೆಗೆ ದಿನಕ್ಕೆ ಕನಿಷ್ಠ ಮೂರರಿಂದ ಐದು ಬಾರಿ ತಿರುಗಿಸದಿದ್ದರೆ ಭ್ರೂಣ ಪೊರೆಗೆ ಅಂಟಿಕೊಳ್ಳುತ್ತದೆ.

ತೇವಾಂಶದ ಲೆಕ್ಕವೇ ಎಲ್ಲಕ್ಕಿಂತ ನಾಜೂಕಿನದು. ಮೊದಲ 18 ದಿನ ಶೇ. 50ರ ಆಸುಪಾಸು, ಕೊನೆಯ ಮೂರು ದಿನ ಶೇ. 65ರಿಂದ 70 ಎಂಬುದು ಸಾಮಾನ್ಯ ನಿಯಮ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರುಗಳ ಒಣಹವೆಯಲ್ಲಿ ನೀರಿನ ತಟ್ಟೆ ಬೇಗ ಬರಿದಾಗುತ್ತದೆ. ಮಳೆಗಾಲದ ಮಲೆನಾಡು, ಕರಾವಳಿಗಳಲ್ಲಿ ಆರಂಭದ ದಿನಗಳಲ್ಲಿ ನೀರೇ ಅಷ್ಟಾಗಿ ಬೇಕಾಗದು. ತೇವ ಅತಿಯಾದರೂ ಕೇಡೇ. ಮೊಟ್ಟೆಯೊಳಗಿನ ನೀರು ಆರದೆ, ಗಾಳಿಕೋಣೆ ಚಿಕ್ಕದಾಗಿ, ಮರಿ ಉಬ್ಬಿಕೊಂಡು ತಿರುಗಲಾರದೆ ಸಾಯುತ್ತದೆ.

ಇದಕ್ಕೆ ಅಡುಗೆಮನೆಯ ತಕ್ಕಡಿಯೇ ಸರಳ ಸಾಧನ. ಮೊಟ್ಟೆ 18ನೇ ದಿನದ ಹೊತ್ತಿಗೆ ತನ್ನ ತೂಕದ ಶೇ. 12ರಷ್ಟನ್ನು ಕಳೆದುಕೊಂಡಿರಬೇಕು. ಅಂದರೆ 50 ಗ್ರಾಂ ತೂಕದ ಮೊಟ್ಟೆ 44 ಗ್ರಾಂ ಆಸುಪಾಸಿಗೆ ಇಳಿದಿರಬೇಕು. ಇಳಿಕೆ ಹೆಚ್ಚಾಗಿದ್ದರೆ ನೀರು ಹೆಚ್ಚಿಸುವುದು, ಕಡಿಮೆಯಿದ್ದರೆ ತಗ್ಗಿಸುವುದು, ಇಷ್ಟೇ ಸೂತ್ರ. ಹೈಗ್ರೋಮೀಟರನ್ನೂ ಕುರುಡಾಗಿ ನಂಬಬೇಕಿಲ್ಲ. ಒದ್ದೆ ಮಾಡಿದ ಅಡುಗೆ ಉಪ್ಪಿನೊಂದಿಗೆ ಅದನ್ನು ಗಾಳಿಯಾಡದ ಡಬ್ಬಿಯಲ್ಲಿ ಕೆಲವು ಗಂಟೆ ಇಟ್ಟರೆ ಶೇ. 75 ತೋರಿಸಬೇಕು. ವ್ಯತ್ಯಾಸವಿದ್ದರೆ ಅಷ್ಟನ್ನು ಲೆಕ್ಕಕ್ಕೆ ಹಿಡಿಯಬೇಕು.

ವಿದ್ಯುತ್ ಕೈಕೊಟ್ಟಾಗ ಮುಚ್ಚಳ ತೆರೆಯದೆ, ಗಾಳಿಕಿಂಡಿ ಮುಚ್ಚದಂತೆ ಪೆಟ್ಟಿಗೆಗೆ ಕಂಬಳಿ ಹೊದಿಸುವುದು ತಾತ್ಕಾಲಿಕ ಪರಿಹಾರ. ಕೊನೆಯ ದಿನಗಳಲ್ಲಿ ಮರಿಗಳ ಮೈಬಿಸಿಯೇ ಸ್ವಲ್ಪ ಹೊತ್ತು ಆಸರೆಯಾಗುತ್ತದೆ, ಆದರೆ ಅವುಗಳಿಗೆ ಗಾಳಿಯ ಅಗತ್ಯವೂ ಆಗಲೇ ಹೆಚ್ಚು.

ಒಡೆಯದೆ ಉಳಿದ ಮೊಟ್ಟೆಗಳನ್ನು ಎಸೆಯುವ ಮುನ್ನ ತೆರೆದು ನೋಡುವುದು ಹ್ಯಾಚರಿಗಳಲ್ಲಿ ರೂಢಿಯಲ್ಲಿರುವ ಕ್ರಮ. ಭ್ರೂಣ ಯಾವ ಹಂತದಲ್ಲಿ ಸತ್ತಿದೆ, ತಲೆ ಯಾವ ಕಡೆಗಿದೆ, ಪೊರೆ ಒಣಗಿತ್ತೇ ಅಥವಾ ನೀರು ತುಂಬಿತ್ತೇ ಎಂಬುದನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಂಡರೆ ಎರಡು ಮೂರು ಬಾರಿ ಮರಿ ಮಾಡಿಸುವಷ್ಟರಲ್ಲಿ ತಪ್ಪು ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ. ಆಗ ಮರಿಗಳಿಗೆ ನಿಜವಾದ ನೆರವು ಚಿಮುಟದಿಂದಲ್ಲ, 21 ದಿನಗಳ ಕಾಳಜಿಯಿಂದಲೇ ದೊರೆಯುತ್ತದೆ.